ಹಳ್ಳಿಮನೆಗಳ ಚಿತ್ರಗಾರ್ತಿ ಹೆಲೆನ್ ಅಲಿಂಗಾಮ್

ನಮ್ಮ ಗೋಡೆಪತ್ರಿಕೆಯಲ್ಲಿ ವಿಜ್ಞಾನಿಗಳ ಪರಿಚಯ ಬಂದಿದೆ, ಸ್ವಾತಂತ್ರ್ಯ ಹೋರಾಟಗಾರರ ಪರಿಚಯ ಬಂದಿದೆ. ಚಿತ್ರ ಬರೆಯುವವರ ಬಗ್ಗೆ ಮಾತ್ರ ಯಾರೂ ಬರೆದಿಲ್ಲ. ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ ಅಂತ ನಮ್ಮ ಮನೆಯಲ್ಲಿ ನನ್ನನ್ನು ಯಾವಾಗಲೂ ಕೇಳುತ್ತಾರೆ. ಅದಕ್ಕೇ ಈ ಸಲ ನಾನು ಹೆಲೆನ್ ಅಲಿಂಗಾಮ್ ಅವರನ್ನು ಆರಿಸಿಕೊಂಡೆ. ಅವರಿಗೆ ಹೊಟ್ಟೆ ತುಂಬಿತು. ಅವರ ಮೂರು ಮಕ್ಕಳಿಗೂ ತುಂಬಿತು.

ಇವರು ಇಂಗ್ಲೆಂಡ್ ದೇಶದವರು, ವಿಕ್ಟೋರಿಯಾ ರಾಣಿಯ ಕಾಲದವರು. 1848ನೇ ಇಸವಿ ಸೆಪ್ಟೆಂಬರ್ 26ರಂದು ಡರ್ಬಿಶೈರಿನ ಸ್ವಾಡ್ಲಿನ್‌ಕೋಟ್ ಎಂಬ ಊರಿನಲ್ಲಿ ಹುಟ್ಟಿದರು. ಆಗಿನ ಹೆಸರು ಹೆಲೆನ್ ಪ್ಯಾಟರ್ಸನ್. ತಂದೆ ಡಾಕ್ಟರು. ಏಳು ಮಕ್ಕಳಲ್ಲಿ ಹೆಲೆನ್ ದೊಡ್ಡವರು. 1862ರಲ್ಲಿ ಗಂಟಲಮಾರಿ ರೋಗ ಬಂತು. (ನಾವು ಚಿಕ್ಕವರಿದ್ದಾಗ ಹಾಕಿಸಿಕೊಂಡ ಚುಚ್ಚುಮದ್ದಿನಲ್ಲಿ ಈ ರೋಗದ್ದೂ ಇದೆ. ಆಗ ಅದು ಇರಲಿಲ್ಲ.) ರೋಗಿಗಳನ್ನು ನೋಡಲು ಹೋಗುತ್ತಿದ್ದ ತಂದೆಗೇ ಅದು ಅಂಟಿತು. ಅವರು ತೀರಿಕೊಂಡರು. ಮೂರು ವರ್ಷದ ತಂಗಿ ಇಸಬೆಲ್ ಕೂಡ ತೀರಿಕೊಂಡಳು. ಆಗ ಹೆಲೆನ್‌ಗೆ ಹದಿಮೂರು ವರ್ಷ. ನನಗೂ ಈಗ ಹದಿಮೂರೇ. ಇದನ್ನು ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ.

ಆಮೇಲೆ ತಾಯಿ ಮಕ್ಕಳನ್ನು ಕರೆದುಕೊಂಡು ಬರ್ಮಿಂಗ್‌ಹ್ಯಾಮ್ ಪಟ್ಟಣಕ್ಕೆ, ನೆಂಟರಿರುವ ಕಡೆಗೆ ಹೋದರು. ಹೆಲೆನ್ ಅಲ್ಲಿಯ ಚಿತ್ರಕಲಾ ಶಾಲೆಗೆ ಸೇರಿದರು. ತಾಯಿಯ ಕಡೆ ಅಜ್ಜಿಯೂ ಚಿತ್ರ ಬರೆಯುತ್ತಿದ್ದರು. ಚಿಕ್ಕಮ್ಮ ಲಾರಾ ಹರ್‌ಫರ್ಡ್ ಅವರದಂತೂ ಒಳ್ಳೇ ಕತೆ. ಲಂಡನ್ನಿನ ರಾಯಲ್ ಅಕಾಡೆಮಿ ಶಾಲೆಗೆ ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1860ರಲ್ಲಿ ಲಾರಾ ತಮ್ಮ ಚಿತ್ರಗಳಿಗೆ ಪೂರ್ತಿ ಹೆಸರು ಹಾಕದೆ ಬರೀ ಇನಿಷಿಯಲ್ ಹಾಕಿ ಕಳಿಸಿದರು. ಅವರು ಗಂಡಸು ಅಂತ ತಿಳಿದು ಸೀಟು ಕೊಟ್ಟುಬಿಟ್ಟರು! ಆಮೇಲೆ ನೋಡಿದರೆ ಹೆಂಗಸು. ಹೆಣ್ಣುಮಕ್ಕಳು ಬರಬಾರದು ಅಂತ ರೂಲ್ಸಿನಲ್ಲಿ ಎಲ್ಲೂ ಬರೆದಿರಲಿಲ್ಲ, ಹಾಗಾಗಿ ಸುಮ್ಮನಾದರು. ಅದೇ ಶಾಲೆಗೆ 1867ರಲ್ಲಿ ಹೆಲೆನ್ ಸೇರಿದರು. ಚಿಕ್ಕಮ್ಮ ಬಾಗಿಲು ತೆಗೆದಿದ್ದರಿಂದ ಇವರು ಇನಿಷಿಯಲ್ ಹಿಂದೆ ಬಚ್ಚಿಟ್ಟುಕೊಳ್ಳಬೇಕಾಗಲಿಲ್ಲ.

ದುಡ್ಡಿಗಾಗಿ ಅವರು ಪತ್ರಿಕೆಗಳಿಗೆ ಚಿತ್ರ ಬರೆದರು. ದಿ ಗ್ರಾಫಿಕ್ ಎಂಬ ವಾರಪತ್ರಿಕೆಗೆ ಬಹಳ ಬರೆದರು. ಅದರಲ್ಲಿ ಬರುತ್ತಿದ್ದ ಅಚ್ಚಿನ ಚಿತ್ರಗಳನ್ನು ವ್ಯಾನ್‌ಗೋ ಕತ್ತರಿಸಿ ಕೂಡಿಡುತ್ತಿದ್ದರಂತೆ. ಅವರಿಗೆ ಹೆಲೆನ್ ಅವರ ಕೆಲಸ ಇಷ್ಟವಿತ್ತು. 1874ರಲ್ಲಿ ಥಾಮಸ್ ಹಾರ್ಡಿಯವರ ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್ ಕಾದಂಬರಿ ಧಾರಾವಾಹಿಯಾಗಿ ಬಂದಾಗ ಅದಕ್ಕೂ ಇವರೇ ಚಿತ್ರ ಬರೆದರು.

ಅದೇ ವರ್ಷ ಮದುವೆಯಾಯಿತು. ಗಂಡ ವಿಲಿಯಂ ಅಲಿಂಗಾಮ್, ಐರ್ಲೆಂಡಿನ ಕವಿ. ಹೆಲೆನ್‌ಗೆ 25, ಅವರಿಗೆ 50. ಇದು ನಮಗೆಲ್ಲ ಸರಿ ಅನ್ನಿಸಲಿಲ್ಲ, ಆದರೆ ಅವರು ಹೊಂದಿಕೊಂಡು ಚೆನ್ನಾಗಿದ್ದರು. ಎರಡು ಗಂಡು, ಒಂದು ಹೆಣ್ಣು ಮಕ್ಕಳಾದವು. ಪತ್ರಿಕೆ ಕೆಲಸ ಬಿಟ್ಟು ಹೆಲೆನ್ ಜಲವರ್ಣಕ್ಕೆ ಕೈಹಾಕಿದರು.

1881ರಲ್ಲಿ ಲಂಡನ್ ಬಿಟ್ಟು ಸರ್ರೆ ಸೀಮೆಯ ವಿಟ್ಲಿ ಎಂಬ ಹಳ್ಳಿಯ ಹತ್ತಿರ ಹೋಗಿ ನಿಂತರು. ಇಲ್ಲಿಂದ ಅವರ ನಿಜವಾದ ಕೆಲಸ ಶುರು. ಸುತ್ತ ನೂರಾರು ವರ್ಷದ ಹಳ್ಳಿಮನೆಗಳಿದ್ದವು. ಮರದ ಚೌಕಟ್ಟು, ಹುಲ್ಲಿನ ಇಲ್ಲವೆ ಹೆಂಚಿನ ಮಾಡು, ಮುಂದೆ ಹೂವಿನ ಗಿಡ, ಬಾಗಿಲಲ್ಲಿ ಮಗು ಎತ್ತಿಕೊಂಡ ಹೆಂಗಸು. ಆದರೆ ರೈಲು ಬಂದಿತ್ತು. ಲಂಡನ್ನಿನ ಶ್ರೀಮಂತರು ಬಂದು ಮನೆ ಕೊಂಡು ರಿಪೇರಿ ಮಾಡಿಸುತ್ತಿದ್ದರು, ಕೆಲವನ್ನು ಕೆಡವುತ್ತಿದ್ದರು. ಕೆಡವುವ ಮೊದಲೇ ಚಿತ್ರ ಬರೆದು ಮುಗಿಸಬೇಕು ಅಂತ ಹೆಲೆನ್ ಬಯಲಲ್ಲಿ ಕೂತು ಬರೆದರು. ಬಿಳಿ ಬೇಕಾದ ಕಡೆ ಬಣ್ಣವನ್ನು ಚಾಕುವಿನಿಂದ ಹೆರೆದು ಕಾಗದದ ಬಿಳಿಯನ್ನೇ ಕಾಣಿಸುತ್ತಿದ್ದರು. ನಾನೂ ಬ್ಲೇಡಿನಲ್ಲಿ ಮಾಡಿ ನೋಡಿದೆ, ಡ್ರಾಯಿಂಗ್ ಹಾಳೆ ತೂತಾಯಿತು. 1886ರಲ್ಲಿ ಲಂಡನ್ನಿನಲ್ಲಿ ಬರೀ ಸರ್ರೆಯ ಮನೆಗಳದೇ ಪ್ರದರ್ಶನ ಇಟ್ಟರು.

ಒಂದು ವಿಷಯದಲ್ಲಿ ನಮ್ಮ ತರಗತಿಯಲ್ಲಿ ಜಗಳವೇ ಆಯಿತು. ಯಾವುದಾದರೂ ಮನೆಗೆ ಹೊಸ ಕಿಟಕಿ ಕೂರಿಸಿದ್ದರೆ ಹೆಲೆನ್ ಅದನ್ನು ಬರೆಯುತ್ತಿರಲಿಲ್ಲ. ಅಕ್ಕಪಕ್ಕದ ಮನೆ ನೋಡಿಕೊಂಡು ಮೊದಲಿದ್ದಂಥ ಸಣ್ಣ ಗಾಜಿನ ಕಿಟಕಿಯನ್ನೇ ಬರೆಯುತ್ತಿದ್ದರು. ಇದು ಸುಳ್ಳು ಅಂತ ನನ್ನ ಪಕ್ಕ ಕೂರುವವಳ ವಾದ. ಕಳೆದುಹೋದದ್ದನ್ನು ವಾಪಸ್ ಇಟ್ಟದ್ದು ಸುಳ್ಳು ಹೇಗಾಗುತ್ತದೆ ಅಂತ ನಾನು ಅಂದೆ. ಆದರೆ ರಾತ್ರಿ ಯೋಚಿಸಿದೆ. ಆ ಮನೆಗಳಲ್ಲಿದ್ದವರು ಬಡ ಕೂಲಿಯವರು. ಮಾಡು ಸೋರುತ್ತಿತ್ತು, ಗೋಡೆ ಥಂಡಿ ಹಿಡಿಯುತ್ತಿತ್ತು. ಚಿತ್ರದಲ್ಲಿ ಯಾವಾಗಲೂ ಬಿಸಿಲು, ಯಾವಾಗಲೂ ಹೂವು. ನಮ್ಮಜ್ಜಿ ಮನೆಯದೂ ಹೆಂಚೇ. ಮಳೆಗಾಲದಲ್ಲಿ ಪಾತ್ರೆ ಇಡುವವಳು ಅಜ್ಜಿ, ಚಂದ ಅನ್ನುವವಳು ನಾನು. ಹೊಸ ಕಿಟಕಿ ಬಂದಾಗ ಆ ಮನೆಯವರಿಗೆ ಖುಷಿಯೂ ಆಗಿರಬಹುದು.

1888ರಲ್ಲಿ ಮತ್ತೆ ಲಂಡನ್ನಿಗೆ, ಹ್ಯಾಂಪ್‌ಸ್ಟೆಡ್‌ಗೆ ಬಂದರು. ಮಾರನೇ ವರ್ಷ ಗಂಡ ತೀರಿಕೊಂಡರು. ಉಳಿತಾಯ ಹೆಚ್ಚೇನೂ ಇರಲಿಲ್ಲ. ಚಿಕ್ಕ ಮಗನಿಗೆ ಏಳು ವರ್ಷ. ಹೆಲೆನ್ ಅವರ ತಾಯಿಗೆ ಬಂದ ಕಷ್ಟವೇ ಇವರಿಗೂ ಬಂತು ನೋಡಿ. ಇವರು ಬ್ರಷ್ ಬಿಡಲಿಲ್ಲ. ರೈಲು ಹತ್ತಿ ಸರ್ರೆಗೆ, ಕೆಂಟ್‌ಗೆ ಹೋಗಿ ಚಿತ್ರ ಬರೆದು ತಂದು ಮಾರಿ ಮಕ್ಕಳನ್ನು ಸಾಕಿದರು. 1890ರಲ್ಲಿ ರಾಯಲ್ ಜಲವರ್ಣ ಸಂಘ ಅವರನ್ನು ಪೂರ್ಣ ಸದಸ್ಯೆ ಮಾಡಿಕೊಂಡಿತು. ಆ ಸ್ಥಾನ ಪಡೆದ ಮೊದಲ ಮಹಿಳೆ ಅವರೇ. 1875ರಿಂದ ಹದಿನೈದು ವರ್ಷ ಅರ್ಧ ಸದಸ್ಯೆಯಾಗಿಯೇ ಇಟ್ಟಿದ್ದರು! 1903ರಲ್ಲಿ ಅವರ ಚಿತ್ರಗಳನ್ನು ಬಣ್ಣದಲ್ಲಿ ಅಚ್ಚು ಹಾಕಿದ ಹ್ಯಾಪಿ ಇಂಗ್ಲೆಂಡ್ ಪುಸ್ತಕ ಬಂತು.

ಕೊನೆಯವರೆಗೂ ಚಿತ್ರ ಬರೆದರು. 1926ರ ಸೆಪ್ಟೆಂಬರ್ 28ರಂದು, 78 ವರ್ಷ ತುಂಬಿದ ಎರಡೇ ದಿನಕ್ಕೆ, ಸ್ನೇಹಿತರ ಮನೆಗೆ ಹೋಗಿದ್ದಾಗ ತೀರಿಕೊಂಡರು. ಅದು ಸರ್ರೆಯ ಹ್ಯಾಸಲ್‌ಮಿಯರ್ ಊರಿನ ಹತ್ತಿರ, ಅವರು ಹಳ್ಳಿಮನೆಗಳನ್ನು ಬರೆದ ಸೀಮೆಯಲ್ಲೇ.

ಕೆಳಗೆ ಅಂಟಿಸಿರುವುದು ನಮ್ಮಜ್ಜಿ ಮನೆ, ನಾನೇ ಬರೆದದ್ದು. ಸೋರುವ ಕಡೆ ಹೊದಿಸಿದ ನೀಲಿ ಟಾರ್ಪಾಲನ್ನು ಬಿಡಬೇಕೋ ಬರೆಯಬೇಕೋ ಅಂತ ಎರಡು ದಿನ ಯೋಚಿಸಿ, ಬರೆದಿದ್ದೇನೆ.