ಮೂರನೇ ಗಂಟೆ ಹೊಡೆಸುವವರು

ಮಕ್ಕಳೇ,

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಕೂಟದಲ್ಲಿ ನಿಮ್ಮದೇ ಕಿರುಚಿತ್ರೋತ್ಸವ. ಹೆಸರು ಕೊಟ್ಟವರ ಪಟ್ಟಿ ನೋಡಿದೆ. ನಿರ್ದೇಶಕರು ಬೇಕಾದಷ್ಟು ಮಂದಿ ಇದ್ದೀರಿ, ಹೀರೋಗಳು ಅದಕ್ಕಿಂತ ಹೆಚ್ಚು, ಎಡಿಟಿಂಗ್ ಬಲ್ಲೆವು ಅನ್ನುವವರಿಗೂ ಬರವಿಲ್ಲ. ಆದರೆ ‘ಉತ್ಸವ ನಡೆಸುವವರು’ ಎಂಬ ಸಾಲಿನ ಮುಂದೆ ಒಂದು ಹೆಸರೂ ಇಲ್ಲ. ಬಾಗಿಲಲ್ಲಿ ನಿಲ್ಲುವವರು, ಯಾವ ಚಿತ್ರ ಮೊದಲು ಯಾವುದು ಆಮೇಲೆ ಎಂದು ಹೊಂದಿಸುವವರು, ಪ್ರೊಜೆಕ್ಟರ್ ಕೈಕೊಟ್ಟಾಗ ಮಂದಿಯನ್ನು ಸುಧಾರಿಸುವವರು ಯಾರೂ ಇಲ್ಲ. ಅದನ್ನೆಲ್ಲ ಅಪ್ಪ ಅಮ್ಮ ನೋಡಿಕೊಳ್ಳುತ್ತಾರೆ ಬಿಡು ಅಂದುಕೊಂಡಿದ್ದೀರಿ. ನೋಡಿಕೊಳ್ಳುತ್ತಾರೆ, ಗೊಣಗುತ್ತ.

ಅದಕ್ಕೇ ಈ ಸಂಚಿಕೆಯಲ್ಲಿ ಆಟ ಆಡಿದವರನ್ನು ಬಿಟ್ಟು ಆಟ ನಡೆಸಿದವರ ಕಥೆ ಹೇಳುತ್ತೇನೆ. ನನ್ನೂರು ಲಕ್ಷ್ಮೇಶ್ವರ. ಪಂಪನ ಕಾಲದ ಪುಲಿಗೆರೆ ಅದೇ. ಪಕ್ಕದಲ್ಲಿ ಶಿರಹಟ್ಟಿ, ಆಚೆ ಮುಂಡರಗಿ, ಉತ್ತರಕ್ಕೆ ಗದಗ-ಬೆಟಗೇರಿ ಎಂಬ ಜೋಡಿ ಊರು. 1997ರಲ್ಲಿ ಗದಗ ಜಿಲ್ಲೆ ಆಗುವವರೆಗೆ ಎಲ್ಲವೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಜೋಳ, ಮೆಣಸಿನಕಾಯಿ, ಶೇಂಗಾ ಬೆಳೆಯುವ ಕರಿ ನೆಲ. ಬೆಟಗೇರಿಯಲ್ಲಿ ಮಗ್ಗದ ಸಪ್ಪಳ. ಇಂಥ ಊರುಗಳಲ್ಲಿ ಥಿಯೇಟರ್ ಕಟ್ಟಿಸುವ ದೊಡ್ಡ ಕುಳಗಳು ಎಲ್ಲಿಂದ ಬರಬೇಕು? ಆದರೂ ಕರ್ನಾಟಕದಲ್ಲಿ ದುಡ್ಡು ಕೊಟ್ಟು ನೋಡುವ ಕನ್ನಡ ನಾಟಕ ಬೇರೂರಿದ ಮೊದಲ ಜಾಗಗಳಲ್ಲಿ ಗದಗವೂ ಒಂದು.

ಅದನ್ನು ಶುರು ಮಾಡಿದವರು ಒಬ್ಬ ಕನ್ನಡ ಶಾಲೆ ಮಾಸ್ತರರು. ಹೆಸರು ಸಕ್ಕರಿ ಬಾಳಾಚಾರ್ಯ, ಹುಟ್ಟಿದ್ದು 1856ರಲ್ಲಿ. ಪುಸ್ತಕಗಳಲ್ಲಿ ‘ಶಾಂತಕವಿ’ ಎಂದು ಸಿಗುತ್ತಾರೆ. ಆಗ ನಮ್ಮ ಕಡೆ ಮುಂಬಯಿ ಸರ್ಕಾರದ ಆಡಳಿತ. ಕಚೇರಿಯಲ್ಲಿ ಮರಾಠಿ, ದೊಡ್ಡವರ ಮನೆಯಲ್ಲಿ ಮರಾಠಿ, ನಾಟಕವೆಂದರೂ ಮರಾಠಿ. ಸಾಂಗ್ಲಿ, ಪುಣೆ ಕಡೆಯ ಮಂಡಳಿಗಳು ಬಂದು ಆಡಿದರೆ ಅರ್ಧ ತಿಳಿದು ಅರ್ಧ ತಿಳಿಯದೆಯೂ ನಮ್ಮ ಜನ ಮುಗಿಬೀಳುತ್ತಿದ್ದರು. ಬಾಳಾಚಾರ್ಯರು ಇದನ್ನು ನೋಡಿ ಪೇಪರಿಗೆ ಪತ್ರ ಬರೆದು ಸುಮ್ಮನಾಗಲಿಲ್ಲ. 1870ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಗದುಗಿನ ವೀರನಾರಾಯಣ ದೇವರ ಹೆಸರಿನಲ್ಲಿ ‘ಕೃತಪುರ ನಾಟಕ ಮಂಡಳಿ’ ಕಟ್ಟಿದರು. ‘ಉಷಾಹರಣ’ ಬರೆದು ಆಡಿಸಿದರು. ನಿಮ್ಮ ಅಣ್ಣ ಅಕ್ಕಂದಿರು ಕಾಲೇಜಿಗೆ ಸೇರುವ ವಯಸ್ಸು ಅದು, ಲಕ್ಷ್ಯದಲ್ಲಿರಲಿ.

ಇಲ್ಲೊಂದು ತಮಾಷೆಯ ಸಂಗತಿ ಇದೆ. ಮರಾಠಿ ರಂಗಭೂಮಿಯವರು ತಮ್ಮ ಲೆಕ್ಕ ಶುರು ಮಾಡುವುದು 1843ರಿಂದ. ಸಾಂಗ್ಲಿ ಸಂಸ್ಥಾನದಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದ ವರ್ಷ ಅದು. ಆ ಆಟಕ್ಕೆ ಪ್ರೇರಣೆ ಎಲ್ಲಿಂದ? ಉತ್ತರ ಕನ್ನಡದಿಂದ ಸಾಂಗ್ಲಿ ದರ್ಬಾರಿಗೆ ಹೋಗಿ ಆಡಿದ ಭಾಗವತರ ಮೇಳದಿಂದ! ಅದೇ ಸಾಂಗ್ಲಿ ಸಂಸ್ಥಾನಕ್ಕೆ ನಮ್ಮ ಶಿರಹಟ್ಟಿಯೂ ಸೇರಿತ್ತು. ಅಂದರೆ ಕೊಟ್ಟವರೂ ನಾವೇ, ಮರೆತು ಮತ್ತೆ ಅವರಿಂದ ಕಲಿತವರೂ ನಾವೇ. ಇದನ್ನು ನಾನು ಇಲ್ಲಿನ ಮರಾಠಿ ಗೆಳೆಯರ ಮುಂದೆ ಆಗಾಗ ಹೇಳಿ ಚಹಾ ಆರಿಸುವುದುಂಟು.

ಆಮೇಲೆ ಶಿರಹಟ್ಟಿಯ ವೆಂಕೋಬರಾಯರ ಕಂಪನಿ ಬಂತು. ಗದುಗಿನಲ್ಲಿ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ಗರೂಡರು ಬರೆಯುತ್ತಿದ್ದರು, ಪಾತ್ರ ಮಾಡುತ್ತಿದ್ದರು, ಕಂಪನಿಯನ್ನೂ ಸಾಕುತ್ತಿದ್ದರು. ಅವರ ‘ಎಚ್ಚಮನಾಯಕ’, ‘ಪಾದುಕಾ ಪಟ್ಟಾಭಿಷೇಕ’ದ ಮಾತನ್ನು ನನ್ನ ಅಜ್ಜ ಊಟಕ್ಕೆ ಕೂತಾಗಲೂ ಎತ್ತುತ್ತಿದ್ದರು. ಇಸವಿಗಳು ನಿಮಗೆ ಬೇಕಾದರೆ ವಿಶ್ವಕೋಶದಲ್ಲಿ ಸಿಗುತ್ತವೆ. ವಿಶ್ವಕೋಶದಲ್ಲಿ ಸಿಗದ್ದು ಹೇಳುತ್ತೇನೆ.

ನಾನು ಹುಡುಗನಿದ್ದಾಗ ಜಾತ್ರೆ ಹತ್ತಿರ ಬಂತೆಂದರೆ ಬಯಲಿನಲ್ಲಿ ನಾಟಕ ಕಂಪನಿಯ ಲಾರಿ ಬಂದು ನಿಲ್ಲುತ್ತಿತ್ತು. ಅದರಿಂದ ಮೊದಲು ಇಳಿಯುವುದು ಹೀರೋ ಅಲ್ಲ, ತಗಡು. ಗಳ, ಹಗ್ಗ, ತಾಡಪತ್ರಿ, ಬೆಂಚು, ಕಬ್ಬಿಣದ ಖುರ್ಚಿ, ಸುತ್ತಿದ ಪರದೆಗಳು, ಕಾಲ್‌ಪೆಟ್ಟಿಗೆ, ದೊಡ್ಡ ದೊಡ್ಡ ಟ್ರಂಕು. ನಾವು ಶಾಲೆ ತಪ್ಪಿಸಿ ಆ ಟ್ರಂಕಿನ ಬೀಗವನ್ನೇ ನೋಡುತ್ತ ನಿಲ್ಲುತ್ತಿದ್ದೆವು, ಒಳಗೆ ಕಿರೀಟ ಇರುತ್ತದೆ ಅಂತ. ನೋಡನೋಡುತ್ತ ಒಂದು ಥೇಟರು ಎದ್ದು ನಿಲ್ಲುತ್ತಿತ್ತು. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಖುರ್ಚಿ, ಒಂದು ಬದಿಗೆ ಹೆಣ್ಣುಮಕ್ಕಳಿಗೆ ಬೇರೆ ಜಾಗ. ಮಧ್ಯಾಹ್ನ ಮೈಕು ಕಟ್ಟಿದ ಗಾಡಿ ಊರು ಸುತ್ತಿ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ತೂರುತ್ತಿತ್ತು. ಅದರ ಹಿಂದೆ ಓಡಿ ಮಂಡಿ ಕೆತ್ತಿಸಿಕೊಂಡ ಗುರುತು ನನಗಿನ್ನೂ ಇದೆ.

ಗೇಟಿನಲ್ಲಿ ಮ್ಯಾನೇಜರ್ ನಿಲ್ಲುತ್ತಿದ್ದರು. ಬಿಳಿ ಧೋತರ, ಕಂಕುಳಲ್ಲಿ ಬ್ಯಾಟರಿ, ಬಾಯಲ್ಲಿ ಎಲೆಅಡಿಕೆ. ನಾಟಕದ ಮೊದಲು ಮೂರು ಗಂಟೆ ಹೊಡೆಯುವುದು ಕಂಪನಿಗಳ ಪದ್ಧತಿ. ಮೊದಲನೆಯದಕ್ಕೆ ಪಾತ್ರಧಾರಿಗಳು ಬಣ್ಣ ಮುಗಿಸಬೇಕು, ಎರಡನೆಯದಕ್ಕೆ ಪೇಟಿ-ತಬಲಾದವರು ಜಾಗ ಹಿಡಿಯಬೇಕು, ಮೂರನೆಯದಕ್ಕೆ ಪರದೆ ಏಳಬೇಕು. ಮೂರನೇ ಗಂಟೆ ಯಾವಾಗ ಎಂಬುದು ಮಾತ್ರ ಅವರ ಕೈಯಲ್ಲಿ. ಅವರು ಒಳಗೆ ಇಣುಕಿ ನೆಲದ ಮಂದಿಯನ್ನು ಕಣ್ಣಲ್ಲೇ ಎಣಿಸುತ್ತಿದ್ದರು. ಹೊರಗೆ ಬಂದು ರಸ್ತೆ ನೋಡುತ್ತಿದ್ದರು, ಹಳ್ಳಿಯಿಂದ ಬರುವ ಚಕ್ಕಡಿಗಳ ಲಾಟೀನು ಕಾಣುತ್ತದೇನೋ ಅಂತ. ಆಮೇಲೆ ಆಕಾಶ ನೋಡುತ್ತಿದ್ದರು. ಒಳಗೆ ಮಂದಿ ಸೀಟಿ ಹೊಡೆಯುತ್ತಿದ್ದಾರೆ, ಹೊರಗೆ ಇನ್ನೊಂದು ಐವತ್ತು ಟಿಕೀಟು ಬರುವ ಆಸೆ ಇದೆ, ಮೋಡ ಕಟ್ಟುತ್ತಿದೆ. ಮಳೆ ಬಂದರೆ ಟಿಕೀಟಿನ ಹಣ ವಾಪಸು, ನಾಳೆ ಇಡೀ ಕಂಪನಿಯ ಅಡಿಗೆಗೆ ಅಕ್ಕಿ ಉದ್ರಿ. ಇಷ್ಟೆಲ್ಲ ತೂಗಿ ನೋಡಿ ಅವರು ಕೈ ಎತ್ತಿದರೆ ಒಳಗೆ ಗಂಟೆ. ತಗಡಿನ ಕೆಳಗೆ ನುಸುಳುತ್ತಿದ್ದ ನಮ್ಮನ್ನು ಅವರು ನೋಡಿಯೂ ನೋಡದಂತೆ ಇರುತ್ತಿದ್ದರು. ಒಮ್ಮೆ ಮಾತ್ರ ನನ್ನ ಅಂಗಿ ಹಿಡಿದು, ‘ಯಾರ ಮಗನಲೇ ನೀ?’ ಅಂದರು. ಹೇಳಿದೆ. ‘ಹೋಗು, ಮುಂದ ಕೂಡು. ಗದ್ದಲ ಮಾಡಬ್ಯಾಡ’ ಅಂದರು. ಅವತ್ತು ಅರಮನೆಯ ಪರದೆಗಿಂತ ಆ ಮನುಷ್ಯನೇ ನನಗೆ ದೊಡ್ಡ ರಾಜನಾಗಿ ಕಂಡ.

ಲೈಸನ್ಸ್, ಕರೆಂಟು, ಬಾಡಿಗೆ, ಜಗಳ ಆಡಿ ಪಾತ್ರ ಬಿಟ್ಟು ಹೋದ ನಟ, ಗಂಟಲು ಕೂತ ನಟಿ, ಇವೆಲ್ಲ ಅವರ ಪಾಲಿಗೆ. ಚಪ್ಪಾಳೆಯಷ್ಟೇ ಬೇರೆಯವರಿಗೆ.

ಈಗ ನಾನು ತುಂಬ ಪ್ರೀತಿಸುವ ಕಂಪನಿಯ ಮಾತು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಿಮ್ಮಲ್ಲಿ ಕೆಲವರು ರಜೆಗೆ ಹೋದಾಗ ನೋಡಿದ್ದೀರಿ. ಅದನ್ನು ಬೆಳೆಸಿದ ಪಂಚಾಕ್ಷರಿ ಗವಾಯಿಗಳಿಗೆ (1892–1944) ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಅವರಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಗವಾಯಿಗಳು ತಮ್ಮಂತೆಯೇ ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಪಾಠವೇನೋ ಪುಕ್ಕಟೆ, ಊಟಕ್ಕೆ ಏನು ಮಾಡುವುದು? ಜೋಳಿಗೆ ಹಿಡಿದರು, ಕಚೇರಿ ಮಾಡಿದರು, ಕೊನೆಗೆ ನಾಟಕ ಕಂಪನಿ ಕಟ್ಟಿದರು. ಅವರ ನಂತರ ಆಶ್ರಮ, ಕಂಪನಿ ಎರಡೂ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದವು. ಇವರು ಹುಟ್ಟಿದ್ದು 1914ರಲ್ಲಿ, ಕೂಸಿದ್ದಾಗಲೇ ದೃಷ್ಟಿ ಹೋಗಿತ್ತು. ಹಿಂದೂಸ್ತಾನಿಯೂ ಬರುತ್ತಿತ್ತು, ಕರ್ನಾಟಕ ಸಂಗೀತವೂ ಬರುತ್ತಿತ್ತು. ಶರಣರ ಕಥೆಗಳನ್ನು ನಾಟಕ ಮಾಡಿ ಬರೆಯುತ್ತಿದ್ದರು.

ಸ್ವಲ್ಪ ಯೋಚಿಸಿ. ಪರದೆಯ ಬಣ್ಣ, ಕಿರೀಟದ ಹೊಳಪು, ಮಂದಿಯ ಮುಖ, ಯಾವುದನ್ನೂ ಕಾಣದ ಒಬ್ಬರು ನಾಟಕ ಕಂಪನಿ ನಡೆಸಿದರು. ಬಂದ ಕಲೆಕ್ಷನ್ ಆಶ್ರಮದ ಮಕ್ಕಳ ರೊಟ್ಟಿಗೆ ಹೋಗುತ್ತಿತ್ತು. ಮುಂದೆ ಭಕ್ತರು ಊರೂರಲ್ಲಿ ಅವರಿಗೆ ತುಲಾಭಾರ ಮಾಡತೊಡಗಿದಾಗ ಆ ನಾಣ್ಯಗಳೂ ಅಲ್ಲಿಗೇ ಹೋದವು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗಾಯಕ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಇವತ್ತಿನ ಗಾಯಕ ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಶಿಷ್ಯರು. ನಿಮ್ಮಮ್ಮ ಕಾರಿನಲ್ಲಿ ಹಾಕುವ ಆ ದನಿಯ ಹಿಂದೆ ಎಷ್ಟೋ ರಾತ್ರಿಗಳ ಟಿಕೀಟಿನ ದುಡ್ಡಿದೆ. ಪಂಚಾಕ್ಷರಿ ಗವಾಯಿಗಳ ಬಗ್ಗೆ 1995ರಲ್ಲಿ ಸಿನಿಮಾ ಬಂತು. ಅದರ ಸಂಗೀತಕ್ಕೆ ಹಂಸಲೇಖ, ಹಾಡಿಗೆ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರೂ ರಾಷ್ಟ್ರಪ್ರಶಸ್ತಿ ಪಡೆದರು. ಮನೆಯಲ್ಲಿ ಕೂತು ಎಲ್ಲರೂ ನೋಡಿ, ಮೊಬೈಲು ಬದಿಗಿಟ್ಟು.

ಗದುಗಿನ ನೀರು ಕುಡಿದವರಿಗೆ ಈ ನಡೆಸುವ ಹುಚ್ಚು ಅಂಟುತ್ತದೋ ಏನೋ. ಗದುಗಿನಲ್ಲಿ ಬೆಳೆದ ಭೀಮಸೇನ ಜೋಶಿ ಪುಣೆಗೆ ಹೋಗಿ ದೊಡ್ಡ ಗಾಯಕರಾದರು, ಸರಿ. ಗುರು ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರಲ್ಲಿ 1953ರಿಂದ ಸಂಗೀತೋತ್ಸವ ನಡೆಸಿ, ದಶಕಗಟ್ಟಲೆ ಅದರ ಹೊಣೆ ಹೊತ್ತವರೂ ಅವರೇ. ಹಾಡುವವರಿಗೆ ಅದೆಲ್ಲ ಯಾಕೆ ಅಂತ ಅವರು ಕೇಳಲಿಲ್ಲ.

‘ಕಾಕಾ, ಇದು ನಾಟಕದ ಕಥೆ ಆಯ್ತು, ನಮ್ಮದು ಸಿನಿಮಾ ಅಲ್ವಾ’ ಅನ್ನುತ್ತೀರಿ. ಬಂದೆ.

ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ಎಂಬ ಅಡಿಕೆ ತೋಟಗಳ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ನೀನಾಸಂ ಎಂಬ ನಾಟಕ ಸಂಘ ನಡೆಸುತ್ತಿದ್ದರು. 1973ರಲ್ಲಿ ಅದರ ಜೊತೆಗೆ ಚಿತ್ರಸಮಾಜ ಶುರುವಾಯಿತು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ಜಪಾನಿನ, ಇಟಲಿಯ ಚಿತ್ರಗಳು ತೋಟದ ಕೆಲಸ ಮುಗಿಸಿ ಬಂದವರ ಮುಂದೆ ಓಡಿದವು. ಮೊದಲು ಕಥೆಯನ್ನು ಕನ್ನಡದಲ್ಲಿ ತಿಳಿಸಿ ಹೇಳಿ, ಆಮೇಲೆ ರೀಲು ಹಾಕುತ್ತಿದ್ದರು. ಹಳ್ಳಿಯವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದವರಿಗೆ ಇದೇ ಉತ್ತರವಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಕಿರುಚಿತ್ರಗಳಿಗೆಂದೇ ಹೆಸರಾದ ಉತ್ಸವಗಳೂ ರಾಜಧಾನಿಗಳಲ್ಲಿ ಹುಟ್ಟಿದವಲ್ಲ. ಜರ್ಮನಿಯ ಓಬರ್‌ಹೌಸನ್, 1954ರಿಂದ ಉತ್ಸವ ನಡೆಸುತ್ತಿರುವ ಊರು, ಕಲ್ಲಿದ್ದಲು-ಉಕ್ಕಿನ ಊರು. ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಟೈರ್ ಕಾರ್ಖಾನೆಯ ಊರು. ಅಲ್ಲಿ 1979ರಲ್ಲಿ ಶುರು ಮಾಡಿದ್ದು ವಿಶ್ವವಿದ್ಯಾಲಯದ ಹುಡುಗರ ಸಿನಿಮಾ ಬಳಗ. ಇದನ್ನು ಓದಿದಾಗೆಲ್ಲ ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಬಿಳಿ ಪರದೆ ಕಟ್ಟಬಾರದೇಕೆ ಅನ್ನಿಸುತ್ತದೆ. ಮೊಬೈಲಿನಲ್ಲಿ ಕಿರುಚಿತ್ರ ಮಾಡುವ ಹುಡುಗರು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆ ಇಲ್ಲ.

ಬೆಂಗಳೂರಿನಲ್ಲಿ 2010ರಿಂದ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ನಡೆಯುತ್ತಿದೆ. ಆನಂದ್ ವರದರಾಜ್ ಮತ್ತು ಅವರ ಬಳಗ ಅದನ್ನು ಎಷ್ಟು ಬೆಳೆಸಿದ್ದಾರೆಂದರೆ ಅಲ್ಲಿ ಗೆದ್ದ ಚಿತ್ರ ಆಸ್ಕರ್ ಸ್ಪರ್ಧೆಗೆ ಅರ್ಹತೆ ಪಡೆಯುತ್ತದೆ. ಇಂಥ ಉತ್ಸವದಲ್ಲಿ ನಡೆಸುವವರ ಕೆಲಸ ತಿಂಗಳುಗಟ್ಟಲೆ ಮೊದಲೇ ಶುರು. ಬಂದ ಚಿತ್ರಗಳನ್ನೆಲ್ಲ ಯಾರೋ ಕೂತು ನೋಡಬೇಕು, ಹೆಚ್ಚಿನವನ್ನು ಬೇಡ ಅನ್ನಬೇಕು, ಬೇಡ ಅಂದದ್ದನ್ನು ನೋವಾಗದಂತೆ ತಿಳಿಸಬೇಕು. ಉಳಿದವನ್ನು ನಗು-ಅಳು ನೋಡಿ ಹೊಂದಿಸಬೇಕು. ಸತತ ನಾಲ್ಕು ಸಾವಿನ ಚಿತ್ರ ಹಾಕಿದರೆ ಮಂದಿ ಎದ್ದು ಹೋಗುತ್ತಾರೆ. ಅಡಿಬರಹ ಓಡುತ್ತಿದೆಯೋ, ದನಿ ಬರುತ್ತಿದೆಯೋ ಪರೀಕ್ಷೆ ಮಾಡಬೇಕು. ನಮ್ಮ ಮ್ಯಾನೇಜರ್ ಆಕಾಶ ನೋಡಿದ್ದೂ ಇದೇ ಜಾತಿಯ ಕೆಲಸ.

ಹಾಗೆ ಯಾರೋ ಕತ್ತಲಲ್ಲಿ ಕೂತು ನೋಡಿ ಆರಿಸಿದ್ದಕ್ಕೇ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿಗಳ ವಿಭಾಗದಲ್ಲಿ ಒಂದು ಕನ್ನಡ ಕಿರುಚಿತ್ರ ಮೊದಲ ಬಹುಮಾನ ಗೆದ್ದಿತು. ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’. ಮಾಡಿದವರು ಮೈಸೂರಿನಲ್ಲಿ ಡಾಕ್ಟರಿಕೆ ಓದಿದ ಚಿದಾನಂದ ಎಸ್‌. ನಾಯ್ಕ್. ಮುದುಕಿಯೊಬ್ಬಳು ಊರಿನ ಹುಂಜ ಕದ್ದದ್ದಕ್ಕೆ ಸೂರ್ಯನೇ ಹುಟ್ಟದ ಕಥೆ ಅದು. ಇಂಥದ್ದು ನಿಮ್ಮ ಅಜ್ಜಿಯ ಬಾಯಲ್ಲೂ ಇದೆ, ಕೇಳಿದ್ದೀರಾ?

ಪಾಲಕರಿಗೂ ಒಂದು ಮಾತು. ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ನಾವು ಊಟದ ಸಾಲಿನಲ್ಲಿ ನಿಂತು ನಿಟ್ಟುಸಿರು ಬಿಡುತ್ತೇವೆ, ಆದರೆ ಮಕ್ಕಳ ಕೈಗೆ ಕನ್ನಡದ ಕೆಲಸ ಕೊಡುವುದಿಲ್ಲ. ಸ್ಟೇಜಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮಾತು ಬಾಯಿಪಾಠ ಹೇಳಿ ಇಳಿಯುತ್ತಾರೆ, ಮುಗಿಯಿತು. ಬಾಗಿಲಲ್ಲಿ ನಿಂತು ಹಿರಿಯರಿಗೆ ‘ಬರ್ರಿ ಅಜ್ಜಾರ, ಇಲ್ಲಿ ಕೂಡ್ರಿ’ ಅನ್ನಬೇಕಾದಾಗ ಬರುವ ಕನ್ನಡವೇ ಬೇರೆ. ನಾವಿನ್ನು ಎಷ್ಟು ವರ್ಷ ಖುರ್ಚಿ ಎತ್ತುತ್ತೇವೆ? ನನ್ನ ಬೆನ್ನು ಈಗಾಗಲೇ ಬೇಡ ಅನ್ನುತ್ತಿದೆ.

ಆದ್ದರಿಂದ ಮಕ್ಕಳೇ, ಬಾಕಿ ಇರುವ ಕೆಲಸ ಇಷ್ಟು: ಚಿತ್ರ ಆರಿಸುವ ಸಮಿತಿಗೆ ಹುಡುಗ ಹುಡುಗಿಯರು ಬೇಕು, ಅಣ್ಣ-ತಮ್ಮಂದಿರ ಚಿತ್ರಕ್ಕೆ ವಶೀಲಿ ನಡೆಯುವುದಿಲ್ಲ. ಕನ್ನಡ ಅಡಿಬರಹ ತಿದ್ದುವವರು ಬೇಕು. ಕನ್ನಡದಲ್ಲಿ ನಿರೂಪಣೆ ಮಾಡುವವರು ಬೇಕು, ತಪ್ಪಾದರೆ ಆಗಲಿ. ಗಂಟೆ ನಾನು ತರುತ್ತೇನೆ, ಊರಿನಿಂದ ತಂದ ಹಿತ್ತಾಳೆಯದು ಇದೆ, ಹೊಡೆಯುವವರು ನೀವು. ಮಧ್ಯಂತರಕ್ಕೆ ಪಿಜ್ಜಾ ಬೇಡವೆಂದು ತೀರ್ಮಾನವಾಗಿದೆ. ಗಿರ್ಮಿಟ್ಟು, ಮಿರ್ಚಿ ಬಜಿ ಇರುತ್ತವೆ. ಸಭಾಂಗಣದೊಳಗೆ ಎಣ್ಣೆ ಕಾಯಿಸಿದರೆ ಫೈರ್ ಅಲಾರ್ಮ್ ಹೊಡೆದುಕೊಳ್ಳುತ್ತದೆ, ಹೊರಗೆ ಒಲೆ ಹೂಡಲು ಗಾಳಿ ತಾಗದ ಮೂಲೆ ನೋಡಬೇಕು. ಗ್ಯಾಸ್ ಒಲೆ ಇರುವವರು ಕಾರ್ಯದರ್ಶಿಗಳಿಗೆ ತಿಳಿಸಿ.