87 ಮತಗಳ ಜಾನ್ಸನ್

ನಮ್ಮ ಕ್ಲಾಸ್ ಲೀಡರ್ ಚುನಾವಣೆಯಲ್ಲಿ ಎರಡೇ ಮತಗಳ ಅಂತರ ಬಂದಾಗ ಚೀಟಿಗಳನ್ನು ಮತ್ತೆ ಎಣಿಸಿದೆವು. ಹಾಜರಿದ್ದವರಿಗಿಂತ ಒಂದು ಚೀಟಿ ಹೆಚ್ಚಿತ್ತು. ಎಷ್ಟು ಸಲ ಎಣಿಸಿದರೂ ಅದು ಯಾರದೆಂದು ತಿಳಿಯಲಿಲ್ಲ. ಆಗ ರಾಜ್ಯಶಾಸ್ತ್ರದ ಸರ್ ಲಿಂಡನ್ ಜಾನ್ಸನ್ ಅವರ ಹೆಸರು ಹೇಳಿದರು. ಅವರ ಬಗ್ಗೆ ಓದಿ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ 36ನೇ ಅಧ್ಯಕ್ಷರಾದ ಜಾನ್ಸನ್ ಹುಟ್ಟಿದ್ದು 1908ರಲ್ಲಿ, ಟೆಕ್ಸಾಸ್‌ನ ಹಳ್ಳಿಗಾಡಿನಲ್ಲಿ. ತಂದೆ ಸಾಲದಲ್ಲಿ ಮುಳುಗಿದ ರೈತ. ಕಾಲೇಜು ಓದು ನಡುವೆ ನಿಲ್ಲಿಸಿ, 1928ರಲ್ಲಿ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡಮಕ್ಕಳಿಗೆ ಪಾಠ ಹೇಳಿದರು. ತಮ್ಮ ಸಂಬಳದಿಂದಲೇ ಮಕ್ಕಳಿಗೆ ಆಟದ ಸಾಮಾನು ತಂದುಕೊಟ್ಟರು.

1941ರಲ್ಲಿ ಸೆನೆಟ್‌ಗೆ ನಿಂತಾಗ ಮೊದಲು ಮುಂದಿದ್ದರು. ಆಮೇಲೆ ತಡವಾಗಿ ಬಂದ ಲೆಕ್ಕಗಳಿಂದ 1,311 ಮತಗಳಲ್ಲಿ ಸೋತರು. ಆ ಪಾಠ ಅವರು ಮರೆಯಲಿಲ್ಲ ಎಂದೇ ನನಗನ್ನಿಸುತ್ತದೆ.

1948ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸಲು ಪಕ್ಷದೊಳಗೇ ಚುನಾವಣೆ ನಡೆಯಿತು. ಎದುರಾಳಿ ಮಾಜಿ ಗವರ್ನರ್ ಕೋಕ್ ಸ್ಟೀವನ್‌ಸನ್. ಮತದಾನವಾಗಿ ಆರು ದಿನಗಳ ಮೇಲೆ ಆಲಿಸ್ ಪಟ್ಟಣದ 13ನೇ ಪೆಟ್ಟಿಗೆಯ ಲೆಕ್ಕದಲ್ಲಿ ಜಾನ್ಸನ್‌ಗೆ 200 ಮತ ಹೆಚ್ಚಾದವು. 765 ಎಂಬುದು 965 ಆಗಿತ್ತು. 7ನ್ನು 9 ಮಾಡಲು ಒಂದು ಗೆರೆ ಸಾಕು! ಮತದಾರರ ಪಟ್ಟಿಯ ಕೊನೆಯಲ್ಲಿ ಸೇರಿದ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿದ್ದವು, ಶಾಯಿಯೂ ಬೇರೆ. ಅವರಲ್ಲಿ ಕೆಲವರು ತಾವು ಮತ ಹಾಕಲೇ ಇಲ್ಲ ಎಂದರು. ಆ ಮತಗಟ್ಟೆ ಇದ್ದದ್ದು ಮೆಕ್ಸಿಕನ್ ಮೂಲದ ಬಡವರ ಬಡಾವಣೆಯಲ್ಲಿ, ಅಂದರೆ ಕೊಟುಲ್ಲಾದ ತಮ್ಮ ವಿದ್ಯಾರ್ಥಿಗಳಂಥವರ ನಡುವೆ.

ಸುಮಾರು 10 ಲಕ್ಷ ಮತಗಳಲ್ಲಿ ಅಂತರ 87. ಪಕ್ಷದ ಸಮಿತಿ 29-28ರಿಂದ ಜಾನ್ಸನ್ ಗೆದ್ದರೆಂದಿತು. ಸ್ಟೀವನ್‌ಸನ್ ಕೋರ್ಟಿಗೆ ಹೋದರು. ಆಲಿಸ್‌ನಲ್ಲಿ ಪೆಟ್ಟಿಗೆಗಳನ್ನು ತೆರೆಯುತ್ತಿದ್ದಾಗಲೇ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಅವರ ಆದೇಶ ಬಂದು ತನಿಖೆ ನಿಂತಿತು. ನಡೆದಿದ್ದರೂ ಚೀಟಿ ಎಣಿಕೆಯೊಂದೇ ಸಾಲುತ್ತಿರಲಿಲ್ಲ. ಸುಳ್ಳು ಚೀಟಿಯೂ ಎಣಿಕೆಗೆ ಸಿಗುತ್ತದಲ್ಲ! ಯಾರು ಬಂದು ಮತ ಹಾಕಿದರು ಎಂಬ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕಿತ್ತು.

ಅಧ್ಯಕ್ಷರಾದ ಮೇಲೆ, 1965ರಲ್ಲಿ, ಕಪ್ಪು ಜನರಿಗೆ ಮತದ ಹಕ್ಕನ್ನು ಖಾತ್ರಿಪಡಿಸಿದ ಕಾಯ್ದೆಗೆ ಸಹಿ ಹಾಕಿದವರೂ ಇದೇ ಜಾನ್ಸನ್. ಎರಡನ್ನೂ ಒಬ್ಬನೇ ಮನುಷ್ಯನಲ್ಲಿ ನೋಡುವುದು ನನಗೆ ಸುಲಭವಾಗಲಿಲ್ಲ.

1973ರಲ್ಲಿ ಅವರು ತೀರಿಕೊಂಡರು. 1977ರಲ್ಲಿ ಆ ಮತಗಟ್ಟೆಯ ಅಧಿಕಾರಿಯಾಗಿದ್ದ ಲೂಯಿಸ್ ಸಾಲಸ್ ಮತಗಳು ಸುಳ್ಳೆಂದು ಒಪ್ಪಿಕೊಂಡರು. ಸ್ಟೀವನ್‌ಸನ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಹೋಗಿದ್ದರು.