ಅಂಗಡಿಯಿಂದ ದಿವಾನಗಿರಿಗೆ

ಮೈಸೂರಿನ ದಿವಾನ ಪೂರ್ಣಯ್ಯನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಅವರು ರಾಜಕಾರಣದ ಓನಾಮವನ್ನು ಕಲಿತದ್ದು ಅರಮನೆಯಲ್ಲಲ್ಲ, ವರ್ತಕರ ಅಂಗಡಿಯಲ್ಲಿ. ಇದನ್ನು ನಮ್ಮ ಮಕ್ಕಳು ಅರಿತಿರಲೆಂದು ಈ ಕಿರುಲೇಖನವನ್ನು ಬರೆಯುತ್ತಿದ್ದೇವೆ.

1746ರ ಸುಮಾರಿಗೆ ತಮಿಳು ಸೀಮೆಯ ಬಡ ಮಾಧ್ವ ಕುಟುಂಬದಲ್ಲಿ ಜನಿಸಿದ ಪೂರ್ಣಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಹೊಟ್ಟೆಪಾಡಿಗಾಗಿ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯತೊಡಗಿದರು. ಮುಂದೆ ಹೈದರಲಿಯ ಸೈನ್ಯಕ್ಕೆ ಸಾಮಗ್ರಿ ಒದಗಿಸುತ್ತಿದ್ದ ಅನ್ನದಾನ ಶೆಟ್ಟಿಯೆಂಬ ವರ್ತಕರಲ್ಲಿ ಸೇರಿದರು. ಲೆಕ್ಕದ ಚೊಕ್ಕತನ, ಅಂದವಾದ ಬರಹ, ಹಲವು ಭಾಷೆಗಳ ಜ್ಞಾನ ಇವು ಹೈದರನ ಗಮನವನ್ನು ಸೆಳೆದವು. ಅಂಗಡಿಯ ಗುಮಾಸ್ತರು ಕ್ರಮೇಣ ರಾಜ್ಯದ ಬೊಕ್ಕಸದ ಹೊಣೆಗಾರರಾದರು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ ಟಿಪ್ಪುವು ದೂರದ ಮಲಬಾರಿನಲ್ಲಿದ್ದನು. ಸುದ್ದಿ ಹೊರಬಿದ್ದರೆ ದಂಡು ಚದರುವ ಭಯವಿತ್ತು. ಪೂರ್ಣಯ್ಯನವರೂ ಇತರ ಅಧಿಕಾರಿಗಳೂ ಆ ಸಾವನ್ನು ಗುಟ್ಟಾಗಿರಿಸಿ, ಟಿಪ್ಪು ಬರುವವರೆಗೆ ಸೈನ್ಯವನ್ನು ಕಾಪಾಡಿದರು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಮಡಿದನು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬರಲು, ಗೆದ್ದ ಇಂಗ್ಲಿಷರು ಪೂರ್ಣಯ್ಯನವರನ್ನೇ ದಿವಾನರನ್ನಾಗಿ ನೇಮಿಸಿದರು. ಟಿಪ್ಪುವಿನ ಅನ್ನವುಂಡವರು ಅವನ ವೈರಿಗಳ ಕೆಳಗೆ ದುಡಿಯಬಹುದಿತ್ತೇ ಎಂದು ಇಂದಿಗೂ ಕೇಳುವವರುಂಟು. ಪ್ರಶ್ನೆ ಸಣ್ಣದಲ್ಲ, ಅದನ್ನು ಮರೆಮಾಚುವುದು ನಮಗೆ ಸಲ್ಲದು. ಆದರೆ ಯುದ್ಧಗಳಿಂದ ನುಗ್ಗಾದ ನಾಡಿನ ಒಕ್ಕಲುಮಕ್ಕಳಿಗೆ ಆಗ ಬೇಕಾಗಿದ್ದುದು ಕೆರೆಯ ನೀರು ಮತ್ತು ನೆಮ್ಮದಿ. ಒಡೆದ ಕೆರೆಕಾಲುವೆಗಳನ್ನು ಅವರು ದುರಸ್ತಿ ಮಾಡಿಸಿದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. 1807ರಲ್ಲಿ ಅವರಿಗೆ ಯಳಂದೂರು ಜಹಗೀರಾಗಿ ದೊರೆಯಿತು. 1811ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟು, 1812ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದಲ್ಲಿ ಕಾಲವಾದರು.

ಸಿಂಹಾಸನದಲ್ಲಿ ಕುಳಿತವರು ಎರಡು ಬಾರಿ ಬದಲಾದರು. ಲೆಕ್ಕದ ಕಡತ ಮಾತ್ರ ಅವರ ಕೈಯಲ್ಲಿಯೇ ಉಳಿಯಿತು. ಕನ್ನಡ, ಮರಾಠಿ, ಪಾರಸಿ ಮೂರನ್ನೂ ಬಲ್ಲವರಾಗಿದ್ದುದು ಅವರಿಗೆ ಭಾರವಾಗಲಿಲ್ಲ, ಬಲವಾಯಿತು. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ಹೋಟಗಿಯ ನಮ್ಮ ಮಕ್ಕಳು ಗಡಿಯಲ್ಲಿ ಹುಟ್ಟಿದ್ದಕ್ಕಾಗಿ ಕುಗ್ಗಬೇಕಾಗಿಲ್ಲ. ತಾಯ್ನುಡಿಯನ್ನು ಬಿಡದೆ ನೆರೆನುಡಿಯನ್ನು ಕಲಿತು, ಕೈಯ ಕೆಲಸವನ್ನು ಚೊಕ್ಕವಾಗಿ ಮಾಡಿದರೆ ಅಂಗಡಿಯ ಹೊಸ್ತಿಲೂ ಅರಮನೆಯ ಮೆಟ್ಟಿಲಾದೀತೆಂದು ನಾವು ನಂಬಿದ್ದೇವೆ.